ಹಪ್ಪಳದ ವಹಿ

ನಮ್ಮ ಉಗಾರ ಖುರ್ದದಲ್ಲಿ ಹಪ್ಪಳ ಮಾಡಲು ಬಾರದ ಹೆಂಗಸರು ಯಾರಿದ್ದಾರೆ? ಬೇಸಿಗೆ ಬಂತೆಂದರೆ ಮಾಳಿಗೆ ತುಂಬ ಹಪ್ಪಳ, ಸಂಡಿಗೆ, ಶಾವಿಗೆ. ಮನೆಗೆ ಮಾಡುವಾಗ ಉಪ್ಪು ತುಸು ಹೆಚ್ಚಾದರೆ ಅತ್ತಿ ಒಂದು ಮಾತು ಅಂದಾಳು, ಅಷ್ಟೇ. ಮಾರಲು ಹೊರಟರೆ ಹಾಗಲ್ಲ.

ಓಣಿಯ ಹೆಂಗಸರು ಕೂಡಿ ನಾವು ಹಪ್ಪಳ ಮಾಡಿ ಅಂಗಡಿಗೆ ಕೊಟ್ಟೆವು. ಮೊದಲ ಸಲ ಎಲ್ಲ ಮಾರಿಹೋದವು. ಎರಡನೆಯ ಸಲ ಅರ್ಧ ಮರಳಿ ಬಂದವು. "ಅಕ್ಕಾರ, ಹೋದ ಸಲದ ರುಚಿ ಈ ಸಲ ಇಲ್ರಿ" ಎಂದರು ಅಂಗಡಿಯವರು. ಖರೇ ಮಾತು. ಒಬ್ಬಾಕಿಯ ಕೈಯಳತೆ ಇನ್ನೊಬ್ಬಾಕಿಗೆ ಬರೂದಿಲ್ಲ. ಒಂದು ದಪ್ಪ, ಒಂದು ತೆಳು.

ಲಿಜ್ಜತ್ ಹಪ್ಪಳದ ಹೆಸರು ಕೇಳಿದ್ದೀರಿ. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಈ ಕೆಲಸ ಸುರು ಮಾಡಿದರು. ಮೊದಮೊದಲು ಎರಡು ತರದ ಹಪ್ಪಳ ಮಾಡುತ್ತಿದ್ದರು. ಒಂದು ಚಲೋದು, ಒಂದು ಕಡಿಮೆ ದರದ್ದು. ಅವರಿಗೆ ಬುದ್ಧಿ ಹೇಳುತ್ತಿದ್ದ ಛಗನಬಾಪಾ ಎಂಬ ಹಿರಿಯರು ಇದನ್ನು ಬಿಡಿಸಿದರು. ಒಂದೇ ತರದ ಚಲೋ ಹಪ್ಪಳ ಮಾಡಲು ಹೇಳಿದರು. ಮೊದಲ ವರ್ಷ ಮಳೆಗೆ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೋ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೋ! ಅಲ್ಲಿ ಹಿಟ್ಟು ಕಲಸುವುದು ಒಂದೇ ಕಡೆ. ಹೆಂಗಸರು ಅದನ್ನು ಒಯ್ದು ಮನೆಯಲ್ಲಿ ಲಟ್ಟಿಸಿ ತರುತ್ತಾರೆ. ತಂದದ್ದನ್ನು ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ.

ದೊಡ್ಡ ಕಾರಖಾನೆಗಳಿಗೆ ಐಎಸ್‌ಒ 9001 ಎಂಬ ಗುಣಮಟ್ಟದ ನಿಯಮ ಇದೆ. ಹಲವು ದೇಶಗಳು ಕೂಡಿ 1987ರಲ್ಲಿ ತಂದದ್ದು. ಅದು ಕೇಳುವುದು ಇಷ್ಟೇ. ಕೆಲಸದ ರೀತಿ ಗೊತ್ತು ಮಾಡಿರಿ. ಬೇಕಾದ್ದನ್ನು ಬರೆದಿಡಿರಿ. ಬರೆದಂತೆ ಮಾಡಿರಿ. ತಪ್ಪಾದರೆ ಕಾರಣ ಹುಡುಕಿರಿ. ನಮ್ಮಂಥ ಸಣ್ಣ ಗುಂಪಿಗೆ ಆ ಸರ್ಟಿಫಿಕೇಟು ಬೇಡ, ಅದಕ್ಕೆ ರೊಕ್ಕ ಬಹಳ. ಆದರೆ ತಿನ್ನುವ ವಸ್ತು ಮಾರುವವರಿಗೆ 2006ರ ಆಹಾರ ಕಾಯ್ದೆಯಂತೆ ನೋಂದಣಿ ಬೇಕೇ ಬೇಕು. ಪಾಕೀಟಿನ ಮೇಲೆ 14 ಅಂಕಿಯ ನಂಬರು ಇರುತ್ತದೆ, ನೋಡಿರಿ.

ನಾವು ಒಂದು ವಹಿ ಇಟ್ಟೆವು. ಹಿಟ್ಟು ಎಷ್ಟು, ಉಪ್ಪು ಎಷ್ಟು, ತಾರೀಖು ಯಾವುದು, ಲಟ್ಟಿಸಿದವರು ಯಾರು, ಎಲ್ಲ ಅದರಲ್ಲಿ. ತೂಕಕ್ಕೆ ತಕ್ಕಡಿ ತಂದೆವು. "ಹೆಸರು ಬರೆಯೂದು ನಮ್ಮನ್ನ ಬೈಯಾಕ" ಎಂದು ಮೂವರು ಸಿಟ್ಟಾದರು. ಒಂದು ವಾರ ಕೆಲಸಕ್ಕೇ ಬರಲಿಲ್ಲ. ಮುಂದೆ ಒಮ್ಮೆ ಬೂಷ್ಟು ಹಿಡಿದ ಹಪ್ಪಳ ಮರಳಿ ಬಂದವು. ಎಲ್ಲರೂ ಆ ಮೂವರಲ್ಲಿ ಒಬ್ಬಾಕಿಯ ಮುಖ ನೋಡಿದರು. ವಹಿ ತೆಗೆದೆವು. ಅವು ಮೂರು ಮನೆಯ ಹಪ್ಪಳ, ತಾರೀಖು ಮಾತ್ರ ಒಂದೇ. ಅಂದು ದಿನವಿಡೀ ಮೋಡ ಇತ್ತು. ಒಣಗುವ ಮೊದಲೇ ಪಾಕೀಟು ಕಟ್ಟಿದ್ದೆವು. ತಪ್ಪು ಎಲ್ಲರದು.

ಆ ಅಕ್ಕನೇ ಪೆನ್ನು ಇಸಿದುಕೊಂಡು ವಹಿಯಲ್ಲಿ ಒಂದು ಸಾಲು ಬರೆದಳು: "ಮೋಡ ಇದ್ದ ದಿನ ಕಟ್ಟಬಾರದು."