ನಿಂಬೆರಸಕ್ಕೆ ಮಾರ್ಬಲ್ ಏಕೆ ಮಂಕಾಗುತ್ತದೆ?

ದೇವರಮನೆಗೆ ಬಿಳಿ ಮಾರ್ಬಲ್ ಹಾಕಿಸಿದ್ದೇವೆ. ನಿಂಬೆರಸ ಚೆಲ್ಲಿದ ಕಡೆ ಮಸುಕು ಗುರುತು ಬಿದ್ದಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅಡುಗೆಮನೆಯ ಗ್ರಾನೈಟಿಗೆ ಹೀಗಾಗುವುದಿಲ್ಲವಲ್ಲ, ಏಕೆ?
– ಓದುಗರು, ಶ್ರೀಗಂಧದ ಕಾವಲ್, ಬೆಂಗಳೂರು

ಅದು ಕಲೆಯಲ್ಲ, ಸವೆತ. ಉಜ್ಜಿದರೆ ಹೋಗದಿರುವುದು ಅದಕ್ಕೇ. ಮಾರ್ಬಲ್ ಎಂದರೆ ಭೂಮಿಯೊಳಗಿನ ಶಾಖ, ಒತ್ತಡಗಳಿಂದ ಮಾರ್ಪಟ್ಟ ಸುಣ್ಣಕಲ್ಲು. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಂಬೆಯ ಸಿಟ್ರಿಕ್ ಆಮ್ಲ ತಾಗಿದೊಡನೆ ಅದು ಚೂರುಚೂರೇ ಕರಗಿ, ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಪಾಲಿಶ್ ಆಗಿದ್ದ ಮೈ ತರಿತರಿಯಾಗುತ್ತದೆ. ಕೆರೆಯ ನೀರು ನಿಂತಿದ್ದರೆ ಮುಖ ಕಾಣುತ್ತದೆ, ಗಾಳಿಗೆ ಅಲೆಯೆದ್ದರೆ ಕಾಣುವುದಿಲ್ಲ. ಇಲ್ಲೂ ಹಾಗೆಯೇ, ತರಿಗಳಿಗೆ ಬಡಿದ ಬೆಳಕು ಚದುರಿಹೋಗುತ್ತದೆ.

ಇಳಕಲ್ಲಿನ ಕೆಂಪು ಗ್ರಾನೈಟಿನಂಥ ಕಲ್ಲುಗಳಲ್ಲಿರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್. ಅಡುಗೆಯ ಹುಳಿಗೆ ಅವು ಜಗ್ಗುವುದಿಲ್ಲ. ಹಾಗಾಗಿ ಅಡುಗೆಕಟ್ಟೆಗೆ ಮಾರ್ಬಲ್ ಹಾಕಿಸುವ ಆಸೆಯಿದ್ದರೆ ಬಿಟ್ಟುಬಿಡಿ.

ಸೀಲರ್ ಹಚ್ಚಿಸಿದರೆ ಎಣ್ಣೆ, ಕುಂಕುಮ ಬೇಗ ಒಳಗಿಳಿಯುವುದಿಲ್ಲ, ನಿಜ. ಆದರೆ ಹುಳಿಯ ಸವೆತವನ್ನು ಅದು ತಡೆಯದು. ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕುವ ಕೆಲಸ ದೇವರಮನೆಯಲ್ಲಿ ಬೇಡ. ವಿನೆಗರ್, ಬಾತ್‌ರೂಮ್ ಆ್ಯಸಿಡ್ ಅಂತೂ ಹತ್ತಿರಕ್ಕೂ ತರಬೇಡಿ, ನೀರು ಮತ್ತು ಸೌಮ್ಯ ಸೋಪು ಸಾಕು. ಈಗಾಗಲೇ ಬಿದ್ದಿರುವ ಗುರುತಿಗೆ ಪಾಲಿಶ್ ಮಾಡುವವರನ್ನು ಕರೆಸಿ.