ಹಿಮದಲ್ಲಿ ಬಟ್ಟೆಯೇ ಮೊದಲ ಆಯುಧ

ಉಮರ್ಗಾ, ನಿಲಂಗಾ, ಉದಗೀರ ಎಂದರೆ ಕರಿಮಣ್ಣಿನ ಹೊಲ, ತೊಗರಿ, ಜೋಳ, ನಲವತ್ತು ಡಿಗ್ರಿ ದಾಟುವ ಬೇಸಿಗೆ. ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುವ ಈ ಗಡಿಸೀಮೆಗೂ ಹಿಮದ ಯುದ್ಧಕ್ಕೂ ನಂಟು ಕಟ್ಟುವುದು ವಿಚಿತ್ರ ಅನ್ನಿಸಬಹುದು. ಆದರೆ 1760ರ ಫೆಬ್ರುವರಿಯಲ್ಲಿ ಉದಗೀರದ ಬಳಿ ನಿಜಾಮನ ಸೈನ್ಯವನ್ನು ಮಣಿಸಿದ ಮರಾಠಾ ಸೇನಾಪತಿ ಸದಾಶಿವರಾವ್ ಭಾವು, ಆ ಗೆಲುವಿನ ಹುರುಪಿನಲ್ಲೇ ದಂಡು ಕಟ್ಟಿಕೊಂಡು ಉತ್ತರಕ್ಕೆ ನಡೆದ. ಒಂದು ವರ್ಷ ತುಂಬುವುದರೊಳಗೆ, 1761ರ ಜನವರಿ 14ರಂದು, ಆ ದಂಡು ಪಾಣಿಪತ್ತಿನಲ್ಲಿ ನುಚ್ಚುನೂರಾಯಿತು. ಸೋಲಿಗೆ ದೊಡ್ಡ ಕಾರಣ ಹಸಿವು. ಎದುರಾಳಿಯಾದ ಅಫ್ಘನ್ ದೊರೆ ಅಬ್ದಾಲಿ ದಾರಿ ಕಟ್ಟಿ ಧಾನ್ಯ ಬರದಂತೆ ಮಾಡಿದ್ದ. ಅದರ ಜೊತೆಗೆ ದಖ್ಖನಿನ ಬಟ್ಟೆ ತೊಟ್ಟು ಉತ್ತರದ ಚಳಿಗಾಲವನ್ನು ಬಯಲಿನಲ್ಲಿ ಕಳೆದದ್ದೂ ಸೇರಿತ್ತು. ಪಾಣಿಪತ್ತಿನಲ್ಲಿ ಹಿಮ ಬೀಳುವುದಿಲ್ಲ. ಅಲ್ಲೇ ಹೀಗಾದರೆ, ಹದಿನಾರು ಸಾವಿರ ಅಡಿಯ ಮೇಲೆ ಏನಾದೀತು?

ಸಮವಸ್ತ್ರವನ್ನು ನಾವು ಸಾಮಾನ್ಯವಾಗಿ ಶೌರ್ಯದ ಅಲಂಕಾರವೆಂದೇ ನೋಡುತ್ತೇವೆ: ಬಿಲ್ಲೆ, ಪಟ್ಟಿ, ಟೋಪಿಯ ಓರೆ. ಪರ್ವತದ ಮೇಲೆ ಅದು ಶೌರ್ಯಕ್ಕಿಂತ ಮೊದಲು ಬರಬೇಕಾದ ವಸ್ತು. ಬೆವರಿಗೆ ನೆನೆದ ಹತ್ತಿ ಬಟ್ಟೆ ಮೈಶಾಖವನ್ನು ಕಾಯುವುದಿಲ್ಲ, ಹೊರಗೆ ಬಿಡುತ್ತದೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ಬಿಗಿಯಾದ ಬೂಟು ರಕ್ತದ ಓಡಾಟ ತಡೆದು ಬೆರಳನ್ನು ಸಾಯಿಸುತ್ತದೆ. ಕಪ್ಪು ಕನ್ನಡಕವಿಲ್ಲದೆ ಹಿಮದ ಮೇಲೆ ನಡೆದವನಿಗೆ ಕೆಲವೇ ಗಂಟೆಗಳಲ್ಲಿ ಕಣ್ಣು ಕಾಣದಂತಾಗುತ್ತದೆ. ಗುರಿ ಕಾಣದವನ, ಬಂದೂಕಿನ ಕುದುರೆ ಎಳೆಯಲಾಗದ ಬೆರಳಿನವನ ಧೈರ್ಯದಿಂದ ಏನುಪಯೋಗ?

ಇದನ್ನು ಲೆಕ್ಕಾಚಾರದಿಂದ ಅರಿತವರಲ್ಲಿ ಜರ್ಮನರು ಮುಂದಿದ್ದರು. 1915ರಲ್ಲಿ ಇಟಲಿಯ ಗಡಿಗಾಗಿ ಅವರು ಕಟ್ಟಿದ ಆಲ್ಪೆನ್‌ಕೋರ್‌ಗೆ ಆಸ್ಟ್ರಿಯನ್ನರು ಎಡೆಲ್‌ವೈಸ್ ಹೂವಿನ ಬಿಲ್ಲೆ ಕೊಟ್ಟರು. ಮುಂದೆ ಗೆಬಿರ್ಗ್ಸ್‌ಯೇಗರ್ ಎಂಬ ಪರ್ವತ ಪಡೆಯ ಟೋಪಿ, ತೋಳುಗಳಲ್ಲಿ ಅದೇ ಹೂವು ಗುರುತಾಯಿತು. ಚಿತ್ರಗಳಲ್ಲಿ ಕಣ್ಣಿಗೆ ಬೀಳುವುದು ಹೂವು, ನೋಡಬೇಕಾದದ್ದು ಕಾಲನ್ನು. ಬಂಡೆಯ ಅಂಚನ್ನು ಕಚ್ಚಿ ಹಿಡಿಯಲು ಅಟ್ಟೆಯ ಸುತ್ತ ಕಬ್ಬಿಣದ ಮೊಳೆ ಹೊಡೆದ ಬೂಟು, ಹಿಮ ಒಳನುಗ್ಗದಂತೆ ಕಾಲಗಂಟಿಗೆ ಸುತ್ತಿದ ಪಟ್ಟಿ, ಕಿವಿಯ ಮೇಲೆ ಇಳಿಸಿಕೊಳ್ಳಬಹುದಾದ ಮಡಿಕೆಯ ಟೋಪಿ, ಗಾಳಿ ತಡೆಯುವ ಮೇಲಂಗಿ. ತಿರುವಿ ಹಾಕಿದರೆ ಆ ಅಂಗಿ ಹಿಮದಂತೆ ಬಿಳಿ. 75 ಮಿಲಿಮೀಟರಿನ ಅವರ ಪರ್ವತ ತೋಪನ್ನು ಬಿಚ್ಚಿ ಎಂಟು ಹೊರೆ ಮಾಡಿ ಹೇಸರಗತ್ತೆಗಳ ಮೇಲೆ ಹೇರಬಹುದಿತ್ತು. ಇಲ್ಲಿ ಯಾವುದೂ ಶೋಕಿಗಾಗಿ ಇರಲಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಈ ಸಮವಸ್ತ್ರಗಳನ್ನು ಆರಾಧಿಸುವ ಸಂಗ್ರಾಹಕರ ಲೋಕವೊಂದಿದೆ. ಇದೇ ಎಡೆಲ್‌ವೈಸ್ ತೊಟ್ಟ ಒಂದನೇ ಪರ್ವತ ಡಿವಿಜನ್ 1943ರ ಆಗಸ್ಟಿನಲ್ಲಿ ಗ್ರೀಸಿನ ಕೊಮ್ಮೆನೊ ಹಳ್ಳಿಯಲ್ಲಿ ಹೆಂಗಸರು ಮಕ್ಕಳೆನ್ನದೆ 317 ಜನರನ್ನು ಕೊಂದಿತು. ಮರುತಿಂಗಳು ಕೆಫಲೋನಿಯಾ ದ್ವೀಪದಲ್ಲಿ ಶರಣಾದ ಇಟಾಲಿಯನ್ ಸೈನಿಕರನ್ನು ಗುಂಡಿಟ್ಟು ಕೊಂದದ್ದರಲ್ಲೂ ಆ ಡಿವಿಜನ್ನಿನವರ ಕೈಯಿತ್ತು. ಒಳ್ಳೆಯ ಬೂಟು ಒಳ್ಳೆಯ ಮನುಷ್ಯನನ್ನು ಮಾಡುವುದಿಲ್ಲ. ಯುದ್ಧವನ್ನು ಗೆಲ್ಲಿಸಿಯೂ ಕೊಡುವುದಿಲ್ಲ: 1942ರ ಆಗಸ್ಟಿನಲ್ಲಿ ಇದೇ ಡಿವಿಜನ್ನಿನವರು 5,642 ಮೀಟರಿನ ಎಲ್ಬ್ರುಸ್ ಶಿಖರವೇರಿ ಬಾವುಟ ನೆಟ್ಟಾಗ, ಯುದ್ಧಕ್ಕೆ ಬೇಡದ ಸಾಹಸವೆಂದು ಹಿಟ್ಲರನೇ ಸಿಡಿಮಿಡಿಗೊಂಡಿದ್ದ. ಆದರೆ ಸಜ್ಜಿನ ಬೆಲೆ ತಿಳಿಯಲು ಅದಿಲ್ಲದವರನ್ನು ನೋಡಬೇಕು. ಪರ್ವತ ಪಡೆಗೆ ಇಷ್ಟೆಲ್ಲ ಕೊಟ್ಟ ಅದೇ ಜರ್ಮನಿ, ಚಳಿಗೆ ಮೊದಲೇ ಯುದ್ಧ ಮುಗಿದೀತೆಂಬ ಸೊಕ್ಕಿನಲ್ಲಿ, 1941ರಲ್ಲಿ ಲಕ್ಷಾಂತರ ಸಾಮಾನ್ಯ ಸೈನಿಕರನ್ನು ಬೇಸಿಗೆಯ ಬಟ್ಟೆಯಲ್ಲಿ ರಷ್ಯಕ್ಕೆ ಕಳಿಸಿತು. ಡಿಸೆಂಬರಿನಲ್ಲಿ ಪ್ರಚಾರ ಮಂತ್ರಿ ಗೋಬೆಲ್ಸ್ ರೇಡಿಯೊದಲ್ಲಿ ಜನರಿಂದ ತುಪ್ಪುಳಿನ ಕೋಟು ಬೇಡಬೇಕಾಯಿತು. ಆ ಚಳಿಗಾಲದಲ್ಲಿ ಹಿಮಗಡಿತಕ್ಕೆ ಸಿಕ್ಕ ಜರ್ಮನರು ಲಕ್ಷಕ್ಕೂ ಹೆಚ್ಚು.

ನಮ್ಮ ಕಥೆಯ ಎಳೆ ಮತ್ತೆ ನಿಜಾಮನ ಹೈದರಾಬಾದಿಗೇ ಬರುತ್ತದೆ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ಅದಕ್ಕೂ ಮೊದಲು ನಿಜಾಮನ ಸಂಸ್ಥಾನದಲ್ಲಿ. ನಿಜಾಮನ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸಿದ ಹೈದರಾಬಾದ್ ಕಂಟಿಂಜೆಂಟಿನ ದಂಡುಗಳು ಹಿಂಗೋಲಿ, ಮೊಮಿನಾಬಾದ್ ಎಂದಿದ್ದ ಅಂಬಾಜೋಗಾಯಿ, ನಮ್ಮ ಲಿಂಗಸುಗೂರುಗಳಲ್ಲಿ ಬೀಡುಬಿಟ್ಟಿದ್ದವು. ಅದರ ಕಾಲಾಳುಗಳೇ ಮುಂದೆ 19ನೇ ಹೈದರಾಬಾದ್ ರೆಜಿಮೆಂಟ್ ಆಗಿ, 1945ರಲ್ಲಿ ಕುಮಾಊಂ ರೆಜಿಮೆಂಟ್ ಎಂದು ಹೆಸರು ಬದಲಿಸಿಕೊಂಡರು. ಅಷ್ಟು ಹೊತ್ತಿಗೆ ಅದರಲ್ಲಿ ದಖ್ಖನಿನವರು ಕಡಿಮೆಯಾಗಿ ಉತ್ತರದ ಗುಡ್ಡಗಾಡಿನವರು, ಅಹೀರರು, ಜಾಟರು ತುಂಬಿದ್ದರು ನಿಜ. ಬಿಸಿಲುಸೀಮೆಯಲ್ಲಿ ಹುಟ್ಟಿದ ದಂಡಿನ ಪಾಲಿಗೆ ಹಿಮ ಬಂದದ್ದೂ ಅಷ್ಟೇ ನಿಜ. ಈ ರೆಜಿಮೆಂಟಿನಲ್ಲೇ ಅಧಿಕಾರಿಯಾಗಿ ಬೆಳೆದವರು ಮಡಿಕೇರಿಯ ಕೊಡಂದೇರ ತಿಮ್ಮಯ್ಯ. ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಮೇಲಿನ ಜೋಜಿಲಾ ಕಣಿವೆಗೆ ಅವರು ಟ್ಯಾಂಕು ಹತ್ತಿಸಿದ ಕಥೆ ಎಲ್ಲರಿಗೂ ಗೊತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಡಿವಿಜನ್ನಿಗಾಗಿ ಗುಲ್ಮಾರ್ಗಿನಲ್ಲಿ ಅವರು ತೆರೆದ ಸ್ಕೀ ಶಾಲೆಯ ಸುದ್ದಿ ಅಷ್ಟಾಗಿ ಯಾರೂ ಎತ್ತುವುದಿಲ್ಲ. ಇಂದಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನ ಬೇರು ಅದು. ನನ್ನ ಎಣಿಕೆಯಲ್ಲಿ ಟ್ಯಾಂಕಿಗಿಂತ ಆ ಶಾಲೆ ದೊಡ್ಡದು.

ಪಾಠ ಹೇಳುವ ಶಾಲೆಯಿದ್ದೂ ದೇಶ ಪಾಠ ಕಲಿಯಲಿಲ್ಲ. ತಿಮ್ಮಯ್ಯ 1961ರಲ್ಲಿ ನಿವೃತ್ತರಾದರು. ಮರುವರ್ಷ ಚೀನಾದ ವಿರುದ್ಧ ಕಾದಾಡಲು ಬಯಲುಸೀಮೆಯಿಂದ ಎತ್ತಿ ನಾಮ್ಕಾ ಚೂ ಹೊಳೆಯ ದಂಡೆಗೆ ತಳ್ಳಿದ ಸೈನಿಕರಲ್ಲಿ ಎಷ್ಟೋ ಜನರ ಮೈಮೇಲೆ ಹತ್ತಿಯ ಅಂಗಿ, ಕಾಲಲ್ಲಿ ಕ್ಯಾನ್‌ವಾಸ್ ಶೂ. ಇದಕ್ಕೊಂದು ಸಿದ್ಧ ಉತ್ತರವಿದೆ: ಲಡಾಖಿನ ರೆಜಾಂಗ್‌ಲಾ ನೋಡಿ, ಸಜ್ಜಿಲ್ಲದೆಯೂ ಕಾದಾಡಲಿಲ್ಲವೇ? ಕಾದಾಡಿದರು. 1962ರ ನವೆಂಬರ್ 18ರಂದು 13ನೇ ಕುಮಾಊಂನ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಸುಮಾರು 120 ಜನರ ಕಂಪನಿ ಹದಿನಾರು ಸಾವಿರ ಅಡಿಯ ಮೇಲೆ ಕೊನೆಯವರೆಗೂ ಕದಲಲಿಲ್ಲ. ಬಹುಪಾಲು ಎಲ್ಲರೂ ಸತ್ತರು. ಆ ಹೆಣಗಳು ಹೆಪ್ಪುಗಟ್ಟಿ ಸಿಕ್ಕಿದ್ದು ಮರುವರ್ಷ. ಹರಿಯಾಣದ ಬಯಲಿನ ಹುಡುಗರು ತೋರಿದ ಆ ಸ್ಥೈರ್ಯಕ್ಕೆ ಎಣೆಯಿಲ್ಲ. ಅದು ಸೈನಿಕನ ಪರವಾದ ಸಾಕ್ಷ್ಯ, ಕಳಿಸಿದವರ ಪರವಾದದ್ದಲ್ಲ. ಅವರ ಶೌರ್ಯವನ್ನು ದೆಹಲಿಯ ಉಗ್ರಾಣದ ಲೋಪಕ್ಕೆ ಪರದೆಯಾಗಿ ಎಳೆಯುವುದು ಸತ್ತವರಿಗೆ ಮಾಡುವ ಅನ್ಯಾಯ.

1984ರ ಹೊತ್ತಿಗೆ ಮಾತ್ರ ಅಂಗಿಯೇ ಗುಪ್ತಚರ ವರದಿಯಾಯಿತು. ಹಿಮಪ್ರದೇಶದ ಉಡುಪಿಗೆ ಲಂಡನ್ನಿನ ಅಂಗಡಿಯೊಂದರಲ್ಲಿ ಪಾಕಿಸ್ತಾನ ಆರ್ಡರ್ ಕೊಟ್ಟ ಸುದ್ದಿಯಿಂದಲೇ ಸಿಯಾಚಿನ್ ಹಿಮನದಿಯ ಮೇಲಿನ ಅದರ ಕಣ್ಣು ಭಾರತಕ್ಕೆ ಖಚಿತವಾಯಿತೆಂದು ಹೇಳುತ್ತಾರೆ. ಏಪ್ರಿಲ್ 13ರಂದು ಅಲ್ಲಿನ ಬಿಲಾಫೊಂಡ್‌ಲಾ ಕಣಿವೆಯಲ್ಲಿ ಹೆಲಿಕಾಪ್ಟರಿನಿಂದ ಇಳಿದದ್ದು 4ನೇ ಕುಮಾಊಂನ ಕ್ಯಾಪ್ಟನ್ ಸಂಜಯ್ ಕುಲಕರ್ಣಿ ಮತ್ತು ಅವರ ಪ್ಲಾಟೂನು. ತಿಮ್ಮಯ್ಯ ಕೆಲಸ ಮಾಡಿದ, ಹಿಂದೆ ಹೈದರಾಬಾದಿನ ಹೆಸರಿದ್ದ ಬೆಟಾಲಿಯನ್ ಅದೇ.

ಎಷ್ಟೇ ಸಜ್ಜಿದ್ದರೂ ಹಿಮಪಾತದೆದುರು ಏನು ಮಾಡಲಾದೀತು ಎಂಬ ಪ್ರಶ್ನೆಗೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರು ನೋವಿನ ಉತ್ತರ ಬಲ್ಲದು. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ 19,600 ಅಡಿಯ ಸೋನಂ ಠಾಣೆ ಹತ್ತು ಜನರೊಂದಿಗೆ ಹಿಮದಡಿ ಹೂತುಹೋಯಿತು. ದಿನಗಳ ನಂತರ ಜೀವಂತ ಸಿಕ್ಕವರು ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರೇ. 11ರಂದು ಅವರೂ ತೀರಿಕೊಂಡರು. ಹಿಮಪಾತವನ್ನು ಯಾವ ಕೋಟೂ ತಡೆಯದು, ಒಪ್ಪೋಣ. ಆದರೆ ಹಿಮಗಡಿತ, ಹಿಮಗುರುಡು ಆ ಜಾತಿಯವಲ್ಲ. ಅವನ್ನು ಬೂಟು, ಕನ್ನಡಕ ತಡೆಯಬಲ್ಲವು. ತಡೆಯಲಾಗದ ಸಾವನ್ನು ತೋರಿಸಿ ತಡೆಯಬಹುದಾದ ನೋವನ್ನು ಮನ್ನಿಸುವ ತರ್ಕ ಉಗ್ರಾಣದವರಿಗೆ ಅನುಕೂಲವೇ ಹೊರತು ಸೈನಿಕರಿಗಲ್ಲ. 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಎತ್ತರದ ಠಾಣೆಗಳ ನಮ್ಮ ಸೈನಿಕರಿಗೆ ಹಿಮಗನ್ನಡಕ ಮತ್ತು ಬೂಟುಗಳ ಕೊರತೆ ಇದ್ದದ್ದನ್ನು ದಾಖಲಿಸಿದೆ. ನಾಮ್ಕಾ ಚೂ ಆಗಿ ಆಗ ಐವತ್ತೆಂಟನೆಯ ವರ್ಷ ನಡೆಯುತ್ತಿತ್ತು.