ದನದ ಹೊಟ್ಟೆಯೊಳಗಣ ಕಿಣ್ವಗಳು

ಒಣಹುಲ್ಲನ್ನು ತಿಂದು ಹಾಲನ್ನು ಕೊಡುವುದು ಹಸುವಿನ ಗುಣವೆಂಬುದು ಸರ್ವವಿದಿತವಾದ ವಿಷಯ. ಆದರೆ ಹುಲ್ಲಿನ ನಾರನ್ನು ಒಡೆಯತಕ್ಕ ಕಿಣ್ವವು ಹಸುವಿನ ದೇಹದಲ್ಲಿ ಉತ್ಪತ್ತಿಯಾಗುವುದಿಲ್ಲ. ಅದರ ಹೊಟ್ಟೆಯ ನಾಲ್ಕು ಕೋಶಗಳಲ್ಲಿ ಮೊದಲನೆಯದೂ ದೊಡ್ಡದೂ ಆದ ಕೋಶದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ಆ ಕಿಣ್ವವನ್ನು ಒದಗಿಸುತ್ತವೆ. ಹೆಪ್ಪಿನಲ್ಲಿರುವ ಜೀವಿಗಳು ಹಾಲನ್ನು ಮೊಸರಾಗಿಸುವಂತೆ, ಇವು ನಾರನ್ನು ಸಕ್ಕರೆಯಾಗಿ ಒಡೆದು, ಬಳಿಕ ಹುಳಿಯಿಸಿ, ಸೌಮ್ಯವಾದ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದನವು ಈ ಆಮ್ಲಗಳನ್ನು ಹೀರಿಕೊಂಡು ಅವುಗಳಿಂದಲೇ ಬಹುಭಾಗ ಶಕ್ತಿಯನ್ನು ಪಡೆಯುತ್ತದೆ.

ಈ ಜೀವಿಗಳಲ್ಲಿ ಹೆಚ್ಚಿನವು ಗಾಳಿ ಸೋಕಿದರೆ ಉಳಿಯಲಾರವು. ಆದಕಾರಣ ಅವುಗಳನ್ನು ಹೊರಗೆ ಬೆಳೆಸಿ ಪರೀಕ್ಷಿಸುವುದು ಬಹುಕಾಲ ದುಸ್ಸಾಧ್ಯವಾಗಿದ್ದಿತು. 1940ರ ದಶಕದಲ್ಲಿ ಅಮೆರಿಕಾ ದೇಶದ ರಾಬರ್ಟ್ ಹಂಗೇಟ್ ಎಂಬ ವಿದ್ವಾಂಸರು ಗಾಳಿಯಿಲ್ಲದ ಕೊಳವೆಗಳಲ್ಲಿ ಅವುಗಳನ್ನು ಬೆಳೆಸುವ ಕ್ರಮವನ್ನು ರೂಢಿಗೆ ತಂದರು. ಆದರೂ ಅನೇಕ ಜೀವಿಗಳು ಕೈಗೆ ಸಿಕ್ಕಲಿಲ್ಲ.

2011ರಲ್ಲಿ ಪ್ರಕಟವಾದ ಅಮೆರಿಕಾದ ಪರಿಶೋಧನೆಯೊಂದರಲ್ಲಿ ಬೇರೊಂದು ಮಾರ್ಗವನ್ನು ಅನುಸರಿಸಲಾಯಿತು. ಹಸುವಿನ ಪಕ್ಕೆಯಲ್ಲಿ ಮಾಡಿದ್ದ ದ್ವಾರದ ಮೂಲಕ, ನೈಲಾನ್ ಚೀಲದಲ್ಲಿ ತುಂಬಿದ ಹುಲ್ಲನ್ನು ದೊಡ್ಡ ಕೋಶದೊಳಗೆ 72 ಗಂಟೆಗಳ ಕಾಲ ಇರಿಸಿ ಹೊರತೆಗೆದರು. ಹುಲ್ಲಿಗೆ ಅಂಟಿಕೊಂಡಿದ್ದ ಜೀವಿಗಳನ್ನು ಬೆಳೆಸದೆಯೇ, ಅವುಗಳ ಡಿ.ಎನ್.ಎ.ಯನ್ನು ನೇರವಾಗಿ ತೆಗೆದು ಓದಿದರು. ಸಸ್ಯದ ನಾರು ಮುಂತಾದುವುಗಳ ಮೇಲೆ ಕೆಲಸಮಾಡಬಹುದಾದ 27,755 ಜೀನುಗಳು ಅದರಲ್ಲಿ ಗೋಚರವಾದುವು. ಅವುಗಳಿಂದ 90 ಕಿಣ್ವಗಳನ್ನು ಆಯ್ದು ತಯಾರಿಸಿ ಪರೀಕ್ಷಿಸಲಾಗಿ, ಅರ್ಧಕ್ಕಿಂತ ಹೆಚ್ಚಿನವು ನಾರನ್ನು ಒಡೆಯಲು ಸಮರ್ಥವಾಗಿದ್ದುವು. ಬೆಳೆಯ ಕಸಕಡ್ಡಿಗಳಿಂದ ಇಂಧನದ ಮದ್ಯಸಾರವನ್ನು ತಯಾರಿಸುವುದಕ್ಕೆ ಇಂತಹ ಕಿಣ್ವಗಳು ಅವಶ್ಯಕ. ಯಾವ ಕಿಣ್ವವು ಎಷ್ಟು ಉಷ್ಣತೆಯಲ್ಲಿ, ಎಷ್ಟು ಹುಳಿಯಲ್ಲಿ ಚೆನ್ನಾಗಿ ಕೆಲಸಮಾಡುವುದೆಂದು ಅಳೆದ ನಂತರವೇ ಅದು ಉಪಯೋಗಕ್ಕೆ ಯೋಗ್ಯವೆನಿಸುತ್ತದೆ.

ಹುಳಿಯ ಈ ವಿಚಾರವು ಕೊಟ್ಟಿಗೆಗೂ ಅನ್ವಯಿಸುತ್ತದೆ. ಮದುವೆ, ಜಾತ್ರೆಗಳಲ್ಲಿ ಉಳಿದ ಅನ್ನವನ್ನಾಗಲಿ, ಕಾಳನ್ನಾಗಲಿ ದನಕ್ಕೆ ಒಮ್ಮೆಲೇ ಹೇರಳವಾಗಿ ತಿನ್ನಿಸಿದರೆ, ಹೊಟ್ಟೆಯಲ್ಲಿ ಹುಳಿ ಮಿತಿಮೀರಿ, ನಾರನ್ನು ಒಡೆಯುವ ಜೀವಿಗಳು ನಶಿಸುತ್ತವೆ. ದನವು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣವೇ ಹೋಗಬಹುದು. ಆದುದರಿಂದ ಹೊಸ ಮೇವನ್ನಾಗಲಿ ಹಿಂಡಿಯನ್ನಾಗಲಿ ಸುಮಾರು ಎರಡು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸತಕ್ಕದ್ದು. ಒಣಹುಲ್ಲನ್ನು ಪೂರ್ತಿಯಾಗಿ ನಿಲ್ಲಿಸಲಾಗದು. ದನವು ಹೆಚ್ಚು ಅನ್ನವನ್ನು ತಿಂದುದು ತಿಳಿದೊಡನೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಗ್ರಾಮದ ಮುಖಂಡರೂ ಜಮೀನಿನ ಒಡೆಯರೂ ಈ ಸಂಗತಿಯನ್ನು ಊರಿನ ಸಮಾರಂಭಗಳಿಗೆ ಮುಂಚಿತವಾಗಿಯೇ ಎಲ್ಲರಿಗೂ ತಿಳಿಯಹೇಳಿದಲ್ಲಿ, ಅನೇಕ ದನಗಳ ಪ್ರಾಣವುಳಿಯುವುದು.